ಲಿಂಗಕ್ಕ ಹಿಡಿದು ತಂದ ಕುರಿಮಂದೆ

ಆಂಧ್ರದ ಗಡಿಯೂರು ಆದೋನಿಯಲ್ಲಿ ಹತ್ತಿ ಮುಟ್ಟದ ಕೈ ಸಿಕ್ಕರೂ ಸಿಗಬಹುದು, ಲಿಂಗಕ್ಕನ ಬಾಯಿಗೆ ಸಿಗದ ಮ್ಯಾನೇಜರು ಮಾತ್ರ ಸಿಗುವುದಿಲ್ಲ. ಹಾಗಂತ ಆಕೆ ಜಗಳಗಂಟಿಯಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವವಳು, ಅಷ್ಟೆ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುವ ಗಾದೆಯ ಅನುಭವ ಆಕೆಗೆ ಹತ್ತಾರು ಸಲ ಆಗಿದೆ. ಆದರೂ ಚಾಳಿ ಬಿಟ್ಟಿಲ್ಲ.

ಹುಟ್ಟಿದ್ದು ಪೆದ್ದಕಡುಬೂರಿನ ಪಕ್ಕದ ಹಳ್ಳಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಐದನೇ ಕ್ಲಾಸಿನವರೆಗೆ ತೆಲುಗು ಶಾಲೆ, ಅಲ್ಲಿಂದ ಮುಂದೆ ಅಪ್ಪ ನರಸಣ್ಣನ ಕುರಿಗಳ ಹಿಂದೆ. ಮದುವೆಯಾಗಿ ಆದೋನಿಗೆ ಬಂದ ಮೇಲೆ ಹನ್ನೆರಡು ವರ್ಷ ಜಿನ್ನಿಂಗ್ ಮಿಲ್ಲಿನಲ್ಲಿ ಕೂತು ಹತ್ತಿಯ ಕಸ ಆರಿಸಿದಳು. ಅಷ್ಟರಲ್ಲಿ ಅತ್ತೆಗೆ ಮರೆವಿನ ಕಾಯಿಲೆ ಬಂತು. ಸೊಸೆಯನ್ನೇ ತನ್ನ ತಾಯಿ ಎಂದು ತಿಳಿದು ಸೆರಗು ಹಿಡಿದು ತಿರುಗುತ್ತಿದ್ದಳು ಆ ಮುದುಕಿ. ಓಣಿಯವರು ಹುಚ್ಚು ಎಂದರು. ಲಿಂಗಕ್ಕ ಮಿಲ್ಲು ಬಿಟ್ಟು ಆರು ವರ್ಷ ಅತ್ತೆಯನ್ನು ನೋಡಿಕೊಂಡಳು. ಎಮ್ಮಿಗನೂರು ರಸ್ತೆಯಲ್ಲಿ ಹತ್ತಿ ವ್ಯಾಪಾರಿಗಳ ಟ್ರಸ್ಟಿನವರು ವಯಸ್ಸಾದವರಿಗಾಗಿ ಆಶ್ರಮ ತೆರೆದಾಗ ಆಯಾ ಕೆಲಸ ಕೇಳಲು ಹೋದಳು. ಸರ್ಟಿಫಿಕೇಟ್ ಏನಿದೆ ಎಂದು ಕೇಳಿದರು.

"ಆರು ವರ್ಷ ಮರವಿನ ಅತ್ತೀನ ನೋಡೀನ್ರಿ. ಕಡೀಕ ಹಾಸಿಗಿ ಹಿಡದ್ರೂ ಆಕಿ ಬೆನ್ನಾಗ ಒಂದು ಹುಣ್ಣು ಆಗಿಲ್ಲ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇನ್ರಿ?" ಎಂದಳು.

ಕೆಲಸ ಸಿಕ್ಕಿತು. ಅದಾಗಿ ಎಂಟು ವರ್ಷ. ಈಗ ಆಕೆಗೆ ನಲವತ್ತೊಂಬತ್ತು.

ಆಶ್ರಮದಲ್ಲಿ ಇಪ್ಪತ್ತೆರಡು ಜನ ಹಿರಿಯರು. ಒಂಬತ್ತು ಮಂದಿಗೆ ಮರೆವಿನ ಕಾಯಿಲೆ. ಅವರಲ್ಲಿ ಲಿಂಗಕ್ಕನಿಗೆ ಯರ್ರೆಪ್ಪಜ್ಜನ ಮೇಲೆ ಒಂದು ಹಿಡಿ ಹೆಚ್ಚು ಮಮತೆ. ಆತನೂ ಕುರಿ ಕಾಯ್ದವನು, ಆಕೆಯ ಅಪ್ಪನ ವಾರಿಗೆಯವನು. ಎಂಬತ್ತರ ಹತ್ತಿರ ವಯಸ್ಸು. ಪತ್ತಿಕೊಂಡದಲ್ಲಿರುವ ಮಗಳು ನಾಗಜ್ಯೋತಿ ತಿಂಗಳಿಗೊಮ್ಮೆ ಬಂದರೆ, "ಯಾರವ್ವ ನೀನು?" ಎಂದು ಆಕೆಯನ್ನೇ ಕೇಳುತ್ತಾನೆ. ಹಗಲೆಲ್ಲ ಸುಮ್ಮನೆ ಕೂತಿರುವ ಮನುಷ್ಯ, ಬಿಸಿಲು ಇಳಿದು ಐದು ಗಂಟೆಯಾಯಿತೋ, ಎದ್ದುಬಿಡುತ್ತಾನೆ. ಕುರಿ ಹಟ್ಟಿಗೆ ಬಂದಿಲ್ಲ, ಹೊಡಕೊಂಡು ಬರಬೇಕು ಎಂದು ಗೇಟಿನ ಕಡೆ ನಡೆಯುತ್ತಾನೆ. ತಡೆದರೆ ಕೈ ಎತ್ತುತ್ತಾನೆ. ದೀಪಾವಳಿ ಮುಗಿದ ವಾರ ಹೀಗೇ ಹೊರಗೆ ನುಸುಳಿ ರಸ್ತೆಯ ನಡುವೆ ನಿಂತಿದ್ದ. ಹತ್ತಿ ತುಂಬಿದ ಲಾರಿ ಬ್ರೇಕು ಹಾಕಿ ಮೂರು ಮೊಳ ದೂರದಲ್ಲಿ ನಿಂತಿತು.

ಅದಾದ ಮೇಲೆ ಮ್ಯಾನೇಜರು ಜಗದೀಶ ಒಂದು ಹೊಸ ಬೀಗ ತಂದ. ಆತ ಕೆಟ್ಟವನಲ್ಲ, ಹೆದರಿದವನು. ಸಂಜೆ ನಾಲ್ಕೂವರೆಯಿಂದ ಊಟದ ಹೊತ್ತಿನವರೆಗೆ ಯರ್ರೆಪ್ಪನನ್ನು ಹಿಂದಿನ ಕೋಣೆಯಲ್ಲಿ ಹಾಕಿ ಬಾಗಿಲು ಹಾಕುವುದು ಎಂದು ಹೇಳಿದ.

"ಬೀಗ ಹಾಕಾಕ ಆತ ಏನು ಕಳ್ಳತನ ಮಾಡ್ಯಾನ್ರಿ?" ಎಂದಳು ಲಿಂಗಕ್ಕ.

"ಲಾರಿ ಕೆಳಗ ಬಿದ್ರ ನೀನು ಉತ್ತರ ಹೇಳ್ತೀಯಾ?"

"ಹೇಳ್ತೀನ್ರಿ. ಸಂಜಿ ಪಾಳಿ ನನಗ ಕೊಡ್ರಿ. ಸಂಕ್ರಾಂತಿ ಮುಗಿಯೋತನ ಟೈಮ್ ಕೊಡ್ರಿ. ಅಷ್ಟರಾಗ ಆತ ಸುಮ್ಮಕಾಗಲಿಲ್ಲಂದ್ರ ನಿಮ್ಮ ಬೀಗ, ನಿಮ್ಮ ಕೋಣಿ."

ಟ್ರಸ್ಟಿನ ಹಿರಿಯರಾದ ಚಂದ್ರಣ್ಣನವರು ಸಂಕ್ರಾಂತಿಯ ನಂತರ ಬಂದು ತೀರ್ಮಾನ ಹೇಳುವುದು ಎಂದಾಯಿತು. ಮಾತು ಕೊಟ್ಟದ್ದೇನೋ ಕೊಟ್ಟಳು. ಆತನನ್ನು ಹೇಗೆ ಸುಮ್ಮನಾಗಿಸುವುದು ಎಂಬುದು ಆಕೆಗೂ ಗೊತ್ತಿರಲಿಲ್ಲ. ಸಂಜೆ ಸಂಜೆ ಆತನ ಕೈ ಹಿಡಿದು ಕಾಂಪೌಂಡಿನೊಳಗೇ ಇಪ್ಪತ್ತು ಸುತ್ತು ತಿರುಗಿಸಿ ತಿರುಗಿಸಿ ಆಕೆಯ ಮಂಡಿ ನೋವು ಜಾಸ್ತಿಯಾಯಿತು.

ಡಿಸೆಂಬರಿನಲ್ಲಿ ಕರ್ನೂಲಿನಿಂದ ಹಾರಿಕಾ ಬಂದಳು. ಫಿಜಿಯೋಥೆರಪಿ ಓದಿದ ಹುಡುಗಿ. ಮರೆವಿನ ಕಾಯಿಲೆಯವರಿಗೆ ಮನಸ್ಸು ಹಗುರಾಗುತ್ತದೆಯೋ ನೋಡೋಣ ಎಂದು ಎರಡು ವಿಆರ್ ಕನ್ನಡಕ ತಂದಿದ್ದಳು. ಕನ್ನಡಕ ಎಂದರೆ ಕನ್ನಡಕವಲ್ಲ, ಕಣ್ಣು, ಹಣೆ ಎರಡನ್ನೂ ಮುಚ್ಚುವ ಡಬ್ಬಿ. ಹಾಕಿಕೊಂಡು ತಲೆ ತಿರುಗಿಸಿದ ಕಡೆಯಲ್ಲೆಲ್ಲ ಬೇರೊಂದು ಊರು ಕಾಣುತ್ತದೆ. ಹಿರಿಯರು ಇದನ್ನು ಒಪ್ಪುತ್ತಾರೋ ಇಲ್ಲವೋ ಎಂದು ಒಬ್ಬೊಬ್ಬರ ಹೆಸರಿನ ಮುಂದೆ ಗುರುತು ಹಾಕಿಕೊಳ್ಳುವುದು ಆಕೆಯ ಕೆಲಸ.

ಮೊದಲ ದಿನವೇ ಗುರುಶಾಂತಮ್ಮ ಕೈ ಅಡ್ಡ ಹಿಡಿದರು. ಮೊದಲು ಹೆಸರಾಂತ ಹತ್ತಿ ಅಂಗಡಿಯ ಮನೆ ನಡೆಸಿದವರು, ಈಗಲೂ ಬೆಳಿಗ್ಗೆ ವಿಭೂತಿ ಹಚ್ಚಿ ಲಿಂಗಪೂಜೆ ಮಾಡದೆ ನೀರು ಮುಟ್ಟದವರು.

"ಹಣೀಮ್ಯಾಲೆ ಇಬತ್ತಿ ಐತಿ. ಅದನ್ನ ಒರಸೋ ಯಂತ್ರ ನನಗ ಬ್ಯಾಡ. ಅದೂ ಊರಾಗಿನ ಮಂದಿ ಹಣಿಗೆಲ್ಲ ಹತ್ತಿದ್ದು!"

ಹಾರಿಕಾ 'ಒಪ್ಪಲಿಲ್ಲ' ಎಂದು ಬರೆದುಕೊಂಡಳು. ಮುಂದೆ ಯರ್ರೆಪ್ಪಜ್ಜ. ಕುರಿ ಕಾಯ್ದವನು ಎಂದು ಕೇಳಿ ಹುಡುಗಿಗೆ ಖುಷಿಯಾಗಿತ್ತು. ಯಾವುದೋ ದೇಶದ ಹಸಿರು ಗುಡ್ಡ, ಮೊಣಕಾಲುದ್ದ ಹುಲ್ಲು, ಅದರ ತುಂಬ ಬೆಳ್ಳನೆ ಕುರಿಗಳು ಇರುವ ಚಿತ್ರ ಹುಡುಕಿಟ್ಟಿದ್ದಳು. ಡಬ್ಬಿ ಕಟ್ಟಿದಳು. ಅರ್ಧ ನಿಮಿಷವೂ ಆಗಿಲ್ಲ, ಅಜ್ಜ ಎದ್ದು ನಿಂತ.

"ಏಯ್! ಹುರ್ರೋ! ಹೊಳ್ಳಸ್ರೋ! ಪೈರಿಗೆ ಬಿದ್ದಾವ! ಯಾರ ಹೊಲಾನೋ ಏನೋ, ನುಣ್ಣಗ ಮೇದು ಹಾಕ್ತಾವ!"

"ಏಮೈಂದಿ ತಾತಾ? ಭಯಪಡಕು, ಏನೂ ಆಗಲ್ಲ," ಎಂದು ಹೆದರಬೇಡವೆಂದು ಅರ್ಧ ತೆಲುಗಿನಲ್ಲಿ ಸಮಾಧಾನ ಮಾಡುತ್ತ ಹಾರಿಕಾ ಹಿಡಿಯಲು ಹೋದಳು. ಅಜ್ಜ ಡಬ್ಬಿ ಕಿತ್ತು ಮಂಚದ ಮೇಲೆ ಎಸೆದ. ಬಾಗಿಲಲ್ಲಿ ಗದ್ದಲ ಕೇಳಿ ಬಂದು ನಿಂತಿದ್ದ ಜಗದೀಶನ ಕಾಲು ಹಿಡಿದ. "ತಪ್ಪಾತು ಗೌಡ್ರ. ಬೇಕಂತ ಬಿಡಲಿಲ್ರಿ. ಕಣ್ಣು ಹತ್ತಿತ್ತು," ಎಂದು ಅಳತೊಡಗಿದ.

ಜಗದೀಶನ ಮುಖ ಬಿಳಿಚಿಕೊಂಡಿತು. ಇಂಥ ಆಟ ಇಲ್ಲಿ ನಡೆಯುವುದಿಲ್ಲ ಎಂದ. ಹಾರಿಕಾ ಕಣ್ಣಲ್ಲಿ ನೀರು ತಂದುಕೊಂಡು ಇನ್ನೊಂದು 'ಒಪ್ಪಲಿಲ್ಲ' ಬರೆಯಲು ಹೊರಟಳು. ಲಿಂಗಕ್ಕ ಆಕೆಯ ಪೆನ್ನು ಹಿಡಿದಳು.

"ನಿಲ್ಲವ್ವ. ಆತ ನಿನ್ನ ಡಬ್ಬಿಗೆ ಹೆದರಿಲ್ಲ. ಹಸರಿಗೆ ಹೆದರ್‍ಯಾನ."

"ಹಸಿರು ನೋಡಿದ್ರೆ ಮನಸಿಗೆ ಒಳ್ಳೇದು ಅಂತಾರೆ ಕದಾ ಅಕ್ಕಾ?"

"ಯಾವ ಸೀಮ್ಯಾಗ? ನಮ್ಮ ಸೀಮ್ಯಾಗ ಕುರಿ ಬಾಯಾಗ ಅಷ್ಟು ಹಸರು ಐತಿ ಅಂದ್ರ ಅದು ಇನ್ನೊಬ್ಬನ ಬೆಳಿ. ಜೀವಮಾನೆಲ್ಲ ಆತ ಕುರೀನ ಹಸರಿನಿಂದ ದೂರ ಇಟ್ಟು ಮರ್ಯಾದಿ ಉಳಿಸ್ಕೊಂಡಾನ. ನೀನು ಒಮ್ಮಿಗೇ ನಟ್ಟ ನಡು ಹೊಲಕ್ಕ ಬಿಟ್ಟಿ."

ಲಿಂಗಕ್ಕ ಮ್ಯಾನೇಜರಿನ ಕಡೆ ತಿರುಗಿದಳು. "ಸರ್, ಈಗ ನೀವು ಗೌಡ್ರು. ಮಾಫಿ ಮಾಡೀನಿ ಅಂತ ಹೇಳ್ರಿ, ಇಲ್ಲಂದ್ರ ಆತ ಈವತ್ತು ಉಣ್ಣಾಂಗಿಲ್ಲ."

ಜಗದೀಶ ಅತ್ತಿತ್ತ ನೋಡಿದ, ಗಂಟಲು ಸರಿಮಾಡಿಕೊಂಡ. "ಇರ್ಲಿ ಬಿಡಪ್ಪ. ನಾಕು ತೆನಿ ಹೋದ್ವು, ಹೋಗ್ಲಿ," ಎಂದ. ಅಜ್ಜ ಎದ್ದು ಕಣ್ಣೊರೆಸಿಕೊಂಡ. ಮ್ಯಾನೇಜರಿಗೆ ಬುದ್ಧಿಯಿದೆ ಎಂದು ಲಿಂಗಕ್ಕ ಮೊದಲ ಬಾರಿಗೆ ಒಪ್ಪಿಕೊಂಡದ್ದು ಅಂದೇ.

ಹಾಗಾದರೆ ಏನು ತೋರಿಸಬೇಕು ಎಂದು ಹಾರಿಕಾ ಕೇಳಿದಳು. ಸುತ್ತಲೂ ಒಮ್ಮೆಗೇ ಚಿತ್ರ ಹಿಡಿಯುವ ಸಣ್ಣ ಕ್ಯಾಮೆರಾ ಆಕೆಯ ಬಳಿ ಇತ್ತು. ಮರುದಿನ ಭಾನುವಾರ. ಲಿಂಗಕ್ಕ ಆಕೆಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ತವರಿಗೆ ನಡೆದಳು.

ತಮ್ಮ ತಿಪ್ಪೇಶನ ಕುರಿಗಳು ಜೋಳ ಕೊಯ್ದ ಎರೆಹೊಲದಲ್ಲಿದ್ದವು. ಗೊಬ್ಬರಕ್ಕೆಂದು ಹೊಲದ ರೈತನೇ ಕರೆದು ಮಂದೆ ನಿಲ್ಲಿಸಿಕೊಂಡಿದ್ದ. ಇಲ್ಲಿ ಕುರಿಯವನು ಕಳ್ಳನಲ್ಲ, ಅತಿಥಿ. ಇದನ್ನೇ ತೋರಿಸಬೇಕು ಎಂದು ಲಿಂಗಕ್ಕನ ಹಟ. ಹಾರಿಕಾ ಮೂರು ಕಾಲಿನ ಕೋಲು ನೆಟ್ಟು ಅದರ ತುದಿಗೆ ಕ್ಯಾಮೆರಾ ಸಿಗಿಸಿದಳು. ಕುರಿಗಳು ಒಂದು ಸಲ ನೋಡಿದವು, ಬೆದರಿ ಹೊಲದ ಆ ಬದಿಗೆ ಓಡಿದವು. ಅಟ್ಟಿಕೊಂಡು ಬಂದರೆ ಮತ್ತೆ ಓಡಿದವು. ಮೂರು ಸಲ ಹೀಗೇ ಆಯಿತು. ತಿಪ್ಪೇಶನಿಗೆ ನಗು, ಹಾರಿಕಾಳಿಗೆ ಅಳು.

"ಅವಕ್ಕ ನಿನ್ನ ಕೋಲು ಯಾರದಂತ ಗೊತ್ತಿಲ್ಲವ್ವ," ಎಂದು ಲಿಂಗಕ್ಕ ತಮ್ಮನ ಹೆಗಲ ಮೇಲಿನ ಕಂಬಳಿಯನ್ನು ಎಳೆದುಕೊಂಡಳು. ಕೋಲಿಗೆ ಅದನ್ನು ಕೊಪ್ಪೆ ಹಾಕಿ ಹೊದಿಸಿದಳು. ಕ್ಯಾಮೆರಾದ ಕಣ್ಣಷ್ಟೇ ಮೇಲೆ ಉಳಿಯಿತು. ಎತ್ತರವನ್ನೂ ಸರಿಮಾಡಿಸಿದಳು, ಕೋಲೂರಿ ನಿಂತ ಗಂಡಸಿನ ಕಣ್ಣಿನ ಮಟ್ಟಕ್ಕೆ. ಕುರಿಗಳು ಮೂಸಿದವು. ತಮ್ಮ ಮನುಷ್ಯನ ವಾಸನೆ ಬಡಿಯಿತು. ಒಂದೊಂದಾಗಿ ಬಂದು ಕೋಲಿಗೆ ಮೈ ತಿಕ್ಕಿಕೊಂಡು ಮೇಯತೊಡಗಿದವು. ಬಿಸಿಲು ಇಳಿದ ಮೇಲೆ ಹಟ್ಟಿಯ ಬಾಯಲ್ಲಿ ಅದೇ ಕೋಲು ನೆಟ್ಟರು. ಮಂದೆ ಸಾಲಾಗಿ ಸುತ್ತ ಕಟ್ಟಿದ್ದ ಬಲೆಯ ಒಳಗೆ ಹೋಯಿತು, ಕೂಡಿ ಹಾಕಿದ್ದ ಮರಿಗಳನ್ನು ಬಿಟ್ಟರು, ಅವು ಕಿರುಚುತ್ತ ತಾಯಂದಿರನ್ನು ಹುಡುಕಿ ಹಾಲು ಕುಡಿದವು. ಇಪ್ಪತ್ತು ನಿಮಿಷದ ಚಿತ್ರ. ಬರುವಾಗ ಲಿಂಗಕ್ಕ ತಮ್ಮನ ಹಳೆಯ ಕಂಬಳಿಯನ್ನೂ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಬುಧವಾರ ಸಂಜೆ ಐದು ಗಂಟೆ. ಯರ್ರೆಪ್ಪಜ್ಜ ಎದ್ದ. ಲಿಂಗಕ್ಕ ಆತನ ಹೆಗಲಿಗೆ ಕಂಬಳಿ ಹಾಕಿದಳು. ಡಬ್ಬಿಯನ್ನು ಮುಖಕ್ಕೆ ಕಟ್ಟಲಿಲ್ಲ, ಕೈಗೆ ಕೊಟ್ಟಳು.

"ಯಜ್ಜಾ, ಕುರಿ ಹಟ್ಟಿಗೆ ಬರಾಕತ್ಯಾವ. ಇದರಾಗಿಂದ ನೋಡಬೇಕಂತ. ನೋಡ್ತೀಯೋ, ಬ್ಯಾಡೋ? ಬ್ಯಾಡಂದ್ರ ಬ್ಯಾಡ."

ಅಜ್ಜ ಕಂಬಳಿಯ ಅಂಚನ್ನು ಮೂಗಿಗೆ ಹಿಡಿದ. ಡಬ್ಬಿಯನ್ನು ತಾನೇ ಕಣ್ಣಿಗೆ ಏರಿಸಿದ. ಆಮೇಲೆ ಬಲಗೈ ಮೆಲ್ಲಗೆ ಮುಂದೆ ಬಂತು. ಹಾದುಹೋಗುವ ಕುರಿಗಳ ಬೆನ್ನು ಸವರುವ ಹಾಗೆ ಗಾಳಿಯಲ್ಲಿ ಆಡಿತು.

"ಬಾ... ಕರಿಮೋತಿ ಬಂತು. ಗಿಡ್ಡಗಿವಿ ಬಂತು. ಅವಳಿಜವಳಿ ಹಡದಾಕಿ ಬಂದ್ಲು. ಏ, ತಳ್ಳಬ್ಯಾಡ್ರಲೇ."

ಕುರಿ ಕಾಯುವವರು ಒಂದು, ಎರಡು ಎಂದು ಎಣಿಸುವುದಿಲ್ಲ, ಮುಖ ನೋಡಿ ಲೆಕ್ಕ ಹಿಡಿಯುತ್ತಾರೆ. ಲಿಂಗಕ್ಕನ ಅಪ್ಪನೂ ಹೀಗೇ ಹೇಳುತ್ತಿದ್ದ. ಚಿತ್ರ ಮುಗಿದ ಮೇಲೆ ಅಜ್ಜ ಡಬ್ಬಿ ತೆಗೆದು, "ಎಲ್ಲಾ ಬಂದ್ವು," ಎಂದು ಮಂಚದ ಮೇಲೆ ಕೂತ. ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ. ಲಿಂಗಕ್ಕ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಒಂದಿಷ್ಟು ಅತ್ತಳು. ಸಂತೋಷಕ್ಕೆ ಅತ್ತದ್ದು, ಅದರಲ್ಲಿ ಮುಚ್ಚುಮರೆ ಏನಿದೆ.

ಅಲ್ಲಿಂದ ದಿನವೂ ಐದು ಗಂಟೆಗೆ ಕುರಿ. ಸುದ್ದಿ ಮಂಚದಿಂದ ಮಂಚಕ್ಕೆ ಹೋಯಿತು. ಗುರುಶಾಂತಮ್ಮನವರಿಗೆ ಹೊಟ್ಟೆಕಿಚ್ಚು. "ಕುರಿಯವರಿಗೆ ಕುರಿ ತೋರಸ್ತೀರಿ. ನಮಗೇನೈತಿ?" ಎಂದು ಕೇಳಿಯೇಬಿಟ್ಟರು. ಲಿಂಗಕ್ಕ ಎಮ್ಮಿಗನೂರಿನ ಕೈಮಗ್ಗದ ಬಟ್ಟೆಯನ್ನು ಒಗೆದು, ಅವರಿಗೊಬ್ಬರಿಗೇ ಎಂದು ಒಂದು ಹಣೆಪಟ್ಟಿ ಹೊಲಿದಳು. ನೋಡಿ ಮುಗಿದ ಕೂಡಲೇ ಹೊಸದಾಗಿ ಇಬತ್ತಿ ಹಚ್ಚಲು ಭರಣಿಯನ್ನು ಪಕ್ಕದಲ್ಲೇ ಇಟ್ಟಳು. ಹಾರಿಕಾ ಮಾರ್ಕೆಟ್ ಯಾರ್ಡಿಗೆ ಹೋಗಿ ಹತ್ತಿಯ ರಾಶಿ, ಹರಾಜಿನ ಕೂಗು ಎಲ್ಲ ಹಿಡಿದು ತಂದಳು. ಅಮ್ಮನವರು ನೋಡಿ, "ಈ ಸಲ ಹತ್ತೀಗೆ ನೀರು ಹೊಡದಾರ, ತಗೋಬ್ಯಾಡ್ರಿ," ಎಂದು ಇಲ್ಲದ ಗುಮಾಸ್ತನಿಗೆ ಹೇಳಿದರು. ಅವರ ಹೆಸರಿನ ಮುಂದೆ ಬರೆದಿದ್ದ 'ಒಪ್ಪಲಿಲ್ಲ' ಎಂಬುದನ್ನು ಹಾರಿಕಾ ಹೊಡೆದುಹಾಕಿದಳು.

ಇಷ್ಟಕ್ಕೇ ಜಗದೀಶ ಒಪ್ಪಿದನೇ? ಇಲ್ಲ. "ಡಬ್ಬಿ ಇದ್ದಾಗ ಸುಮ್ಮಕ ಇರ್ತಾನ, ಸರಿ. ಇದು ತಲಿಗೆ ಮಂಕು ಹಿಡಸೋ ಆಟ. ಚಂದ್ರಣ್ಣೋರು ಬರ್ಲಿ, ನಾನು ಹೇಳೋದು ಹೇಳ್ತೀನಿ," ಎಂದ. ಆ ಮಾತು ಲಿಂಗಕ್ಕನ ಎದೆಗೆ ಚುಚ್ಚಿತು. ಅಜ್ಜನಿಗೆ ಮಂಕು ಹಿಡಿಸುತ್ತಿದ್ದೇನೆಯೇ ತಾನು? ಅತ್ತೆಯ ಕೊನೆಯ ವರ್ಷಗಳಲ್ಲಿ ನಿದ್ದೆಯ ಗುಳಿಗೆ ಕೊಡಿ ಎಂದವರಿಗೆಲ್ಲ ಬೈದಿದ್ದವಳು ಆಕೆ.

ಹಬ್ಬಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಅಜ್ಜ ಡಬ್ಬಿಯೊಳಗಿಂದಲೇ ಗದರಿದ. "ಗಿಡ್ಡಗಿವಿ ಹಿಂದಿನ ಎಡಗಾಲು ಎತ್ತಿ ಎತ್ತಿ ಇಡಾಕತ್ತೈತಿ. ಗೊರಸಿನ ಸಂದ್ಯಾಗ ಮುಳ್ಳು ಐತಿ. ಯಾರೂ ನೋಡವಲ್ರಲ್ಲಾ!"

ಮರುದಿನವೂ ಅದೇ ಮಾತು. ಲಿಂಗಕ್ಕ ತಾನೇ ಡಬ್ಬಿ ಹಾಕಿಕೊಂಡು ನೋಡಿದಳು. ಮೂರು ಸಲ ನೋಡಿದ ಮೇಲೆ ಕಂಡಿತು. ಹಟ್ಟಿಯ ಬಾಯಲ್ಲಿ ಆ ಕುರಿ, ಚಿತ್ರ ಹಿಡಿದ ದಿನವೇ, ಒಂದೇ ಒಂದು ಹೆಜ್ಜೆಯನ್ನು ಅರೆಬರೆ ಊರುತ್ತಿತ್ತು. ಕುರಿಯವರ ಮಗಳು, ಎದುರಿಗೇ ನಿಂತಿದ್ದವಳು, ತನಗೇ ಕಂಡಿರಲಿಲ್ಲ. ತಮ್ಮನಿಗೆ ಫೋನು ಮಾಡಿದಳು.

"ಆ ಗಿಡ್ಡ ಕಿವೀ ಕುರಿ ಹ್ಯಾಂಗೈತೋ ತಿಪ್ಪಾ?"

"ನಿನಗ ಯಾರು ಹೇಳಿದ್ರಕ್ಕ? ಮೂರು ದಿನ ಆತು, ಮೇಯವಲ್ದು. ಕುಂಟತೈತಿ. ನಂಜು ಅಂತ ಸೂಜಿ ಹಾಕಿಸೀನಿ, ಕಮ್ಮಿ ಆಗಿಲ್ಲ."

"ಗೊರಸಿನ ಸಂದ್ಯಾಗ ಮುಳ್ಳು ಐತೇನು ನೋಡು. ಸಿಗಲಿಲ್ಲಂದ್ರ ಅದನ್ನ ಆಟೋದಾಗ ಹಾಕ್ಕೊಂಡು ಹಬ್ಬದ ಮರುದಿನ ಸಂಜಿಮುಂದ ಇಲ್ಲಿಗೆ ಬಾ. ಯಾಕಂತ ಕೇಳಬ್ಯಾಡ."

ಹಬ್ಬದ ಮರುದಿನ ಸಂಜೆ ಚಂದ್ರಣ್ಣನವರು ಬಂದರು. ಹಣೆಯ ತುಂಬ ಇಬತ್ತಿ, ಬಿಳಿ ಅಂಗಿ, ಮಿತಮಾತಿನ ಮನುಷ್ಯ. ಹತ್ತಿಯ ಎಳೆಯನ್ನು ಎರಡು ಬೆರಳಲ್ಲಿ ಜಗ್ಗಿ ಅದು ಯಾವ ಹೊಲದ್ದೆಂದು ಹೇಳುವವರು ಎಂದು ಆದೋನಿಯಲ್ಲಿ ಹೆಸರಿದೆ. ವರಾಂಡದಲ್ಲಿ ಕುರ್ಚಿ ಹಾಕಿ ಕೂತರು. ಹಾರಿಕಾಳನ್ನೂ ಕರೆಸಿದ್ದರು.

"ಈವತ್ತು ಡಬ್ಬಿ ಇಲ್ದಂಗ ನೋಡೋಣ್ರಿ," ಎಂದ ಜಗದೀಶ. ನ್ಯಾಯದ ಮಾತು. ಲಿಂಗಕ್ಕ ಬೇಡವೆನ್ನಲಿಲ್ಲ.

ಐದು ಗಂಟೆಯಾಯಿತು. ಅಜ್ಜ ಎದ್ದ, ಕಂಬಳಿ ಹೆಗಲಿಗೆ ಹಾಕಿಕೊಂಡು ನೇರ ಗೇಟಿನ ಕಡೆ ನಡೆದ. ಅಷ್ಟು ಹೊತ್ತಿಗೆ ತಿಪ್ಪೇಶನ ಆಟೋ ಬಂದು ನಿಂತಿತ್ತು, ಒಳಗೆ ಕುರಿ ಅರಚುತ್ತಿತ್ತು. "ನೋಡ್ರಿ ಸರ್, ಹೊಂಟ!" ಎಂದು ಜಗದೀಶ ಓಡಲು ಹೊರಟ. ಚಂದ್ರಣ್ಣನವರು ಅವನ ತೋಳು ಹಿಡಿದು ನಿಲ್ಲಿಸಿದರು.

ತಿಪ್ಪೇಶ ಗೇಟು ತೆರೆದು ಕುರಿಯನ್ನು ಒಳಗಿಳಿಸಿದ. ಯರ್ರೆಪ್ಪಜ್ಜ ರಸ್ತೆಯತ್ತ ನೋಡಲಿಲ್ಲ. ಕುರಿಯ ಎದುರು ನಿಂತ, ಕಿವಿ ಮುಟ್ಟಿದ. "ಗಿಡ್ಡಗಿವಿ," ಎಂದ. ಅಲ್ಲೇ ನೆಲದ ಮೇಲೆ ಕೂತು ಅದನ್ನು ಪಕ್ಕಕ್ಕೆ ಉರುಳಿಸಿ ಹಿಂದಿನ ಎಡಗಾಲನ್ನು ತೊಡೆಯ ಮೇಲೆ ಎಳೆದುಕೊಂಡ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಬಾರದೆ ಲಿಂಗಕ್ಕನ ಮುಖ ನೋಡುತ್ತಿದ್ದ ಕೈಗಳು ಅವು. ಹೆಬ್ಬೆರಳಿನಿಂದ ಗೊರಸಿನ ಸಂದಿಯನ್ನು ಒತ್ತಿದ. ಕೀವು ಬಂತು. ಮತ್ತೆ ಒತ್ತಿ, ಉಗುರಿನಿಂದ ಹಿಡಿದು ಎಳೆದ. ಒಂದು ಅಂಗುಲದ ಜಾಲಿಮುಳ್ಳು.

"ಬೇವಿನೆಣ್ಣಿ ತರ್ರಿ. ಅರಿಶಿಣ ತರ್ರಿ," ಎಂದು ಯಾರಿಗೋ ಅಪ್ಪಣೆ ಮಾಡಿದ. ತರಲು ಓಡಿದವನು ಜಗದೀಶ.

ತಿಪ್ಪೇಶ ತಲೆ ಕೆರೆದುಕೊಂಡ. "ಎರಡು ಸಲ ಕಾಲು ನೋಡಿದ್ನಕ್ಕ. ನನಗ ಸಿಗಲಿಲ್ಲ."

ಹದಿನೈದು ಮೈಲು ದೂರದ ಕುರಿಯ ಕಾಲಿನ ಮುಳ್ಳನ್ನು ಈತ ಮಂಚದ ಮೇಲೆ ಕೂತು ಹೇಗೆ ಕಂಡ ಎಂದು ಹಾರಿಕಾ ಚಂದ್ರಣ್ಣನವರಿಗೆ ವಿವರಿಸಿದಳು. ಚಿತ್ರ ಹಿಡಿಸಿದ್ದು, ಕೋಲಿಗೆ ಕಂಬಳಿ ಹೊದಿಸಿದ್ದು, ಕೇಳದೆ ಯಾರ ಕಣ್ಣಿಗೂ ಡಬ್ಬಿ ಕಟ್ಟಬಾರದು ಎಂದು ಕಲಿಸಿದ್ದು, ಎಲ್ಲವೂ ಲಿಂಗಕ್ಕನ ಕೆಲಸ ಎಂದಳು. ಚಂದ್ರಣ್ಣನವರು ಬಹಳ ಹೊತ್ತು ಅಜ್ಜನ ಬೆರಳುಗಳನ್ನೇ ನೋಡಿದರು.

"ಇಷ್ಟು ಬಲ್ಲ ಮನುಷ್ಯಾನ ಕೋಣ್ಯಾಗ ಹಾಕಿ ಬೀಗ ಜಡಿದ್ರ, ನನ್ನ ಕೈ ಕಟ್ಟಿ ಕೂಡಿಸಿದಂಗ ಆಗ್ತೈತಿ," ಎಂದರು. "ಬೀಗ ಬ್ಯಾಡ. ಲಿಂಗಕ್ಕ, ನಿನ್ನಿಂದ ನಾವು ಕಲಿಯೋದು ಐತವ್ವ." ಅಂಥವರ ಬಾಯಿಂದ ಬಂದ ಮಾತು. ಲಿಂಗಕ್ಕ ತಲೆ ತಗ್ಗಿಸಲಿಲ್ಲ, ನಾಚಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, "ಹೌದ್ರಿ," ಎಂದಳು. ಆಕೆಗೆ ಹೆಮ್ಮೆಯಾಗಿತ್ತು, ತನ್ನ ಮೇಲೆ, ಅಜ್ಜನ ಮೇಲೆ, ಕುರಿ ಕಾಯ್ದು ಸತ್ತ ಅಪ್ಪನ ಮೇಲೆ.

ಎಣ್ಣೆ ಹಚ್ಚಿ ಮುಗಿಸಿ ಯರ್ರೆಪ್ಪಜ್ಜ ಎದ್ದ. ಕುರಿ ಕುಂಟುತ್ತಲೇ ಅಂಗಳದ ಬೇವಿನ ಮರದ ಕಡೆ ಹೋಯಿತು. ಗೇಟು ಇನ್ನೂ ಹಾರುಹೊಡೆದುಕೊಂಡಿತ್ತು, ಆಚೆ ಲಾರಿಗಳು ಹೋಗುತ್ತಿದ್ದವು. ಅಜ್ಜ ಅತ್ತ ನಡೆದ. ಆತ ಎರಡೂ ಬಾಗಿಲುಗಳನ್ನು ಒಳಗಿನಿಂದ ಎಳೆದು ಮುಚ್ಚಿದ, ಚಿಲಕ ಹಾಕಿದ, ಅಲ್ಲಾಡಿಸಿ ನೋಡಿದ. ಆಮೇಲೆ ಜಗದೀಶನ ಕಡೆ ತಿರುಗಿ ಗದರಿದ.

"ಕುರಿ ಒಳಗ ಬಂದ ಮ್ಯಾಲೆ ಹಟ್ಟಿ ಬಾಗಿಲು ಹಾಕಬೇಕಂತ ಗೊತ್ತಿಲ್ಲೇನಲೇ ನಿನಗ?"